ನಡುಗದ ದಿನದ ಗಂಟೆ

ಸ್ಟ್ಯಾಂಪ್ ಪ್ಯಾಡಿನ ಶಾಯಿಗೆ ಅದರದೇ ಆದ ಒಂದು ವಾಸನೆ ಇರುತ್ತದೆ. ಹೋದ ತಿಂಗಳು ಅಣ್ಣನ ಮಗಳು ಉದಗೀರದಿಂದ ಬಂದವಳು, ಕೆಲಸ ಸಿಕ್ಕಿತೆಂದು ಪೇಢೆಯ ಡಬ್ಬಿಯನ್ನೂ ಒಂದು ಪ್ಲಾಸ್ಟಿಕ್ ಫೈಲನ್ನೂ ನನ್ನ ತೊಡೆಯ ಮೇಲಿಟ್ಟಳು. ಫೈಲು ಬಿಚ್ಚಿದೊಡನೆ ಆ ವಾಸನೆ ಮೂಗಿಗೆ ಬಂತು. ಮೇಲಿದ್ದದ್ದು ಶಿಕ್ಷಕಿಯ ನೇಮಕಾತಿ ಪತ್ರ. ಅದರ ಕೆಳಗೆ ಇನ್ನೊಂದು ಹಾಳೆಯ ಝೆರಾಕ್ಸ್. ಸ್ವಂತ ಕಾರಣಗಳಿಂದ ಈ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ ಎಂದು ಮರಾಠಿಯಲ್ಲಿ ನಾಲ್ಕು ಸಾಲು, ಕೆಳಗೆ ಅವಳ ಸಹಿ. ತಾರೀಖಿನ ಜಾಗ ಮಾತ್ರ ಖಾಲಿ.

"ಇದಕ್ಕ ಯಾಕ ಸಹಿ ಮಾಡ್ದಿ?" ಎಂದೆ.

"ಎಲ್ಲಾರೂ ಮಾಡ್ತಾರ ಅತ್ತಿ. ಮಾಡ್ಲಿಲ್ಲಂದ್ರ ಆರ್ಡರ್ ಕೈಯಾಗ ಕೊಡಂಗಿಲ್ಲ. ಒಂದು ಕಾಗದಕ್ಕ ಯಾಕ ಇಷ್ಟ ಅಂಜ್ತಿ?"

ಬೈಯಬೇಕೆಂದು ಬಾಯಿ ತೆರೆದವಳು ತಡೆದುಕೊಂಡೆ. ಮೂವತ್ತು ವರ್ಷದ ಹಿಂದೆ ಇಂಥದೇ ಹಾಳೆಗೆ ಸಹಿ ಮಾಡಿದವಳು ಇನ್ನೊಬ್ಬರಿಗೆ ಏನು ಬುದ್ಧಿ ಹೇಳುವುದು? ಅವಳು ಪೇಢೆ ಹಂಚಲು ಪಕ್ಕದ ಮನೆಗೆ ಹೋದಳು. ನಾನು ಆ ಹಾಳೆಯನ್ನು ಹಿಡಿದುಕೊಂಡು ಕೂತೆ. ಮಾಮಾ ನೆನಪಾದರು...

ಮಾಮಾ ನಾನು ಕೆಲಸ ಮಾಡಿದ ಶಾಲೆಯ ಶಿಪಾಯಿ, ಅಂದರೆ ಜವಾನ. ನಮ್ಮ ಕಡೆ ಶಾಲೆಯ ಶಿಪಾಯಿಯನ್ನು ಮಕ್ಕಳಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಎಲ್ಲರೂ ಮಾಮಾ ಎಂದೇ ಕರೆಯುತ್ತಾರೆ. ಹೆಸರು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ನಾನೂ ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಸಹಿ ಉರ್ದುವಿನಲ್ಲಿರುತ್ತಿತ್ತು. ನಿಜಾಮನ ಕಾಲದಲ್ಲಿ ಎರಡು ವರ್ಷ ಶಾಲೆಗೆ ಹೋಗಿ ಬಂದದ್ದರಲ್ಲಿ ಅವರಿಗೆ ಉಳಿದದ್ದು ಅಷ್ಟೇ. ನನಗೆ ಅದನ್ನು ಓದಲು ಬಾರದು, ಆದರೆ ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದೆ. ದೇವಣಿ ಕಡೆಯ ಕುರಿ ಕಾಯುವ ಮನೆತನ. ಹಣೆಯ ಮೇಲೆ ಬೀರಪ್ಪನ ಭಂಡಾರದ ಅರಿಶಿನ ಇಲ್ಲದೆ ಅವರನ್ನು ನೋಡಿದ ನೆನಪಿಲ್ಲ.

ಆ ಶಾಲೆಗೆ ನಾನು ಸೇರಿದ್ದು ಹೇಗೆಂದು ಮೊದಲು ಹೇಳಬೇಕು. ಈಗ ಹೇಳುವಾಗ ನಗು ಬರುತ್ತದೆ, ಆಗ ಬಂದಿರಲಿಲ್ಲ.

ನಮ್ಮೂರು ದಾಳಿಂಬ, ಮರಾಠಿ ಸೀಮೆಯ ಹಳ್ಳಿ. ತೊಂಬತ್ತಮೂರರ ಭೂಕಂಪದ ನಸುಕಿನಲ್ಲಿ ನಮ್ಮ ಮನೆಯ ಹಿಂದಿನ ಗೋಡೆ ಹಿತ್ತಲ ಕಡೆಗೆ ಬಿತ್ತು. ಒಳಗೆ ಬಿದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಶಿಕ್ಷಕರ ತರಬೇತಿಯಲ್ಲಿ ಎರಡು ವರ್ಷ ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿಯ ಊರಲ್ಲಿ ಗೋಡೆಗಳು ಒಳಗೇ ಬಿದ್ದವು. ಅವಳನ್ನು ಕಲ್ಲಿನ ಕೆಳಗಿಂದ ತೆಗೆದರು. ಆಮೇಲೆ ಎಷ್ಟೋ ವರ್ಷ ನಾನು ಯಾರ ಮನೆಗೆ ಹೋದರೂ ಮೊದಲು ತಲೆಯ ಮೇಲಿನ ಮಾಳಿಗೆ ನೋಡುತ್ತಿದ್ದೆ, ಆಮೇಲೆ ಮನೆಯವರ ಮುಖ. ಕಲ್ಲು-ಮಣ್ಣಿನ ಗೋಡೆ ಕಂಡರೆ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತಿತ್ತು.

ಉಮರ್ಗಾದಲ್ಲಿದ್ದ ಅಪ್ಪನ ಕಿರಾಣಿ ಅಂಗಡಿ ನೆಲಕಚ್ಚಿತ್ತು. ಅಣ್ಣನಿಗೆ ಇನ್ನೂ ದಾರಿ ಸಿಕ್ಕಿರಲಿಲ್ಲ. ಕೈಯಲ್ಲಿ ಸರ್ಟಿಫಿಕೇಟ್ ಇದ್ದವಳು ನಾನೊಬ್ಬಳೇ. ಉಮರ್ಗಾದ ಮೊದಲ ಸಂದರ್ಶನದಲ್ಲಿ ಮೂವರು ಕೂತಿದ್ದರು. ಪಾಠ ಮಾಡುವಾಗ ಭೂಮಿ ನಡುಗಿದರೆ ಏನು ಮಾಡುತ್ತೀರಿ ಎಂದು ಒಬ್ಬರು ಕೇಳಿದರು. ಮೊದಲು ಮಕ್ಕಳನ್ನು ಹೊರಗೆ ಕಳಿಸುತ್ತೇನೆ ಎನ್ನಬೇಕಿತ್ತು. "ಓಡ್ತೀನ್ರಿ" ಎಂದುಬಿಟ್ಟೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲಸ ಕೊಡಲಿಲ್ಲ. ಉದಗೀರದಲ್ಲಿ ಸಂದರ್ಶನ ಎರಡನೇ ಮಹಡಿಯಲ್ಲಿತ್ತು. ಅರ್ಧ ಮೆಟ್ಟಿಲು ಹತ್ತಿದ್ದೆ, ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಹಾಗೇ ಇಳಿದು ಬಂದು ಗೇಟಿನವನಿಗೆ ಜ್ವರ ಬಂದಿದೆಯೆಂದು ಸುಳ್ಳು ಹೇಳಿದೆ. ಅಪ್ಪನಿಗೂ ಅದನ್ನೇ ಹೇಳಿದೆ. ಅಪ್ಪ ಹಣೆ ಮುಟ್ಟಿ ನೋಡಿದ.

ನಿಲಂಗಾ ಕಡೆಯ ಒಂದು ಹಳ್ಳಿಯ ಖಾಸಗಿ ಮರಾಠಿ ಶಾಲೆಯಲ್ಲಿ ಸಂದರ್ಶನ ತಗಡಿನ ಶೆಡ್ಡಿನ ಕೆಳಗೆ ನಡೆಯಿತು. ತಗಡು ಬಿದ್ದರೆ ಮನುಷ್ಯ ಸಾಯುವುದಿಲ್ಲ. ಅಷ್ಟೇ ಧೈರ್ಯದಲ್ಲಿ ಪಟಪಟ ಉತ್ತರ ಕೊಟ್ಟೆ. ಸಂಸ್ಥೆಯ ಅಧ್ಯಕ್ಷರು ಅಲ್ಲೇ "ನಾಳೆಯಿಂದ ಬನ್ನಿ" ಎಂದರು. ಹೆಡ್‌ಮಾಸ್ತರರು ನನ್ನ ಮೂಲ ಸರ್ಟಿಫಿಕೇಟುಗಳನ್ನು ತೆಗೆದುಕೊಂಡು ಕಬ್ಬಿಣದ ಕಪಾಟಿನಲ್ಲಿಟ್ಟರು. ಆಮೇಲೆ ಆ ಹಾಳೆ ಮುಂದಿಟ್ಟರು. ಕೆಲಸಕ್ಕೆ ಸೇರುವ ದಿನವೇ ಬಿಡುವ ಪತ್ರ. ತಾರೀಖು ಹಾಕಬೇಡಿ, ಅದನ್ನು ನಾವು ನೋಡಿಕೊಳ್ಳುತ್ತೇವೆ ಎಂದರು. ಮೂಲೆಯಲ್ಲಿ ನಿಂತಿದ್ದ ಮಾಮಾ ನೀರಿನ ಲೋಟ ತಂದು ನನ್ನ ಮುಂದಿಟ್ಟು, ಕನ್ನಡದಲ್ಲಿ ಸಣ್ಣಗೆ, "ಸಹಿ ಮಾಡೂಕಿಂತ ಮೊದ್ಲ ನೀರ ಕುಡೀರಿ ಬಾಯಾರ" ಎಂದರು. ಆ ಕಡೆ ಶಿಕ್ಷಕಿಯನ್ನು ಬಾಯಿ, ಬಾಯಾರ ಎಂದೇ ಕರೆಯುವುದು.

ಕುಡಿದೆ. ಸಹಿ ಮಾಡಿದೆ. ನೀರು ಕುಡಿಯುವಷ್ಟು ಹೊತ್ತು ಯೋಚನೆ ಮಾಡು ಎಂದು ಅವರು ಹೇಳಿದ್ದೆಂದು ಆಮೇಲೆ ತಿಳಿಯಿತು. ಅವರೂ ಅಂಥ ಹಾಳೆಗೆ ಸಹಿ ಮಾಡಿದವರೇ.

ಆ ಶಾಲೆಗೆ ಮೂರು ಕಲ್ಲಿನ ಕೋಣೆಗಳು, ಪಕ್ಕದಲ್ಲಿ ಶೆಡ್ಡು, ಅಂಗಳದಲ್ಲಿ ಬೇವಿನ ಮರ. ಭೂಕಂಪದಲ್ಲಿ ಕೋಣೆಗಳು ಬೀಳಲಿಲ್ಲ, ಆದರೆ ಮೂಲೆಯ ಕೋಣೆಯ ಗೋಡೆಯಲ್ಲಿ ನಾಲ್ಕು ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಪಾಠವೆಲ್ಲ ಶೆಡ್ಡಿನಲ್ಲೇ. ಮರಕ್ಕೆ ರೈಲು ಹಳಿಯ ತುಂಡೊಂದನ್ನು ಕಟ್ಟಿದ್ದರು, ಅದೇ ಗಂಟೆ. ದಿನದ ಗಂಟೆಯನ್ನು ಮಾಮಾ ಬಿಡಿಬಿಡಿಯಾಗಿ ಹೊಡೆಯುತ್ತಿದ್ದರು. ಇನ್ನೊಂದು ಇತ್ತು, ಓಡುವ ಗಂಟೆ. ಅದನ್ನು ಬಿಡದೆ ಒಂದೇ ಸಮ ಹೊಡೆಯುವುದು. ಅದು ಕೇಳಿದರೆ ಮಕ್ಕಳು ಪಾಟಿ ಚೀಲ ಎಲ್ಲ ಬಿಟ್ಟು ಬೇವಿನ ಮರದ ಕೆಳಗೆ ಓಡಬೇಕು. ಪ್ರತಿ ಶನಿವಾರ ಮಾಮಾ ಅದರ ತಾಲೀಮು ಮಾಡಿಸುತ್ತಿದ್ದರು. ಗಂಟೆಯ ಪಕ್ಕದ ಸ್ಟೂಲಿನ ಮೇಲೆ ಒಂದು ಹಿತ್ತಾಳೆಯ ತಂಬಿಗೆ, ತುಂಬ ನೀರು. ಭೂಮಿ ಸ್ವಲ್ಪ ಅಲುಗಿದರೂ ನೀರು ಹೇಳುತ್ತದೆ ಎಂದು ಅವರ ನಂಬಿಕೆ. ಆ ವರ್ಷ ಸಣ್ಣ ಸಣ್ಣ ನಡುಕಗಳು ಆಗಾಗ ಬರುತ್ತಲೇ ಇದ್ದವು. ಎಲ್ಲರ ಮನೆಯಲ್ಲೂ ಅಂಥ ಒಂದೊಂದು ಉಪಾಯ ಇತ್ತು.

ನನಗೆ ಈಗ ಎರಡು ಅಂಜಿಕೆ. ಒಂದು ಗೋಡೆಯದು, ಇನ್ನೊಂದು ಕಪಾಟಿನದು. ಬೆಳಿಗ್ಗೆ ಬಾಡಿಗೆ ಜೀಪಿನಿಂದ ಇಳಿಯುವಾಗ, ಇವತ್ತಿನ ತಾರೀಖು ಆ ಹಾಳೆಯ ಮೇಲೆ ಬಿದ್ದಿರಬಹುದೇ ಎಂದು ಅಂಜುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಕಾಣುವವರೆಗೆ ಉಸಿರು ಬಿಡುತ್ತಿರಲಿಲ್ಲ. ಅಧ್ಯಕ್ಷರ ಮನೆಯ ಮದುವೆಗೆ ಶಿಕ್ಷಕಿಯರು ರೊಟ್ಟಿ ಬಡಿಯಲು ಹೋಗಬೇಕೆಂದರೆ ಹೋದೆ. ಭಾನುವಾರ ಬನ್ನಿ ಎಂದರೆ ಬಂದೆ. ಮಾಮಾ ಎಲ್ಲವನ್ನೂ ನೋಡುತ್ತಿದ್ದರು. ಎಲ್ಲರ ಮುಂದೆ "ಬಾಯಾರ" ಎನ್ನುವವರು, ಇಬ್ಬರೇ ಇದ್ದಾಗ "ಯವ್ವಾ" ಎನ್ನುತ್ತಿದ್ದರು. ಆ ಶಾಲೆಯಲ್ಲಿ ನನ್ನೊಡನೆ ಕನ್ನಡ ಮಾತಾಡುವವರು ಅವರೊಬ್ಬರೇ. ಅಧ್ಯಕ್ಷರು ಚಪ್ಪಲಿ ಸಪ್ಪಳ ಮಾಡುತ್ತ ಬಂದರೆ ಸಿಟ್ಟಿನಲ್ಲಿದ್ದಾರೆ, ಅವತ್ತು ಎದುರಿಗೆ ಹೋಗಬೇಡ. ಹೆಡ್‌ಮಾಸ್ತರರು ಏನಾದರೂ ಬರೆದುಕೊಡು ಎಂದರೆ ಅಲ್ಲೇ ನಿಂತು ಬರೆಯಬೇಡ, ನಾಳೆ ತರುತ್ತೇನೆ ಅನ್ನು. ಇಂಥವೇ ಅವರ ಪಾಠಗಳು. ತರಬೇತಿಯ ಎರಡು ವರ್ಷದಲ್ಲಿ ಇವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮರುವರ್ಷ ಚಳಿಗಾಲದಲ್ಲಿ ತಪಾಸಣೆಯ ಸಾಹೇಬರು ಬರುವ ಸುದ್ದಿ ಬಂತು. ಕಟ್ಟಡ ಗಟ್ಟಿ ಇದೆ, ಮಕ್ಕಳು ಒಳಗೆ ಕೂರುತ್ತಾರೆ ಎಂದು ಅವರು ಬರೆದರೆ ಮಾತ್ರ ಶಾಲೆಗೆ ಸರ್ಕಾರದ ಅನುದಾನ. ಅಧ್ಯಕ್ಷರು ಬಿರುಕಿಗೆ ಮಣ್ಣು ತುಂಬಿಸಿ ಮೇಲೆ ಸುಣ್ಣ ಬಳಿಸಿದರು. ಎರಡೇ ದಿನದ ಕೆಲಸ. ದೂರದಿಂದ ನೋಡಿದರೆ ಗೋಡೆ ಹೊಸದೇ. ತಪಾಸಣೆಯ ದಿನ ಎಲ್ಲ ವರ್ಗಗಳೂ ಕೋಣೆಯೊಳಗೆ ಕೂರಬೇಕೆಂದು ಹುಕುಂ ಆಯಿತು. ಮೂಲೆಯ ಕೋಣೆ ನನ್ನ ಮೂರನೇ ವರ್ಗಕ್ಕೆ.

ಅವತ್ತು ಬೆಳಿಗ್ಗೆ ಜೀವ ಕೈಯಲ್ಲಿ ಹಿಡಿದುಕೊಂಡು ಹೆಡ್‌ಮಾಸ್ತರರ ಮೇಜಿನ ಮುಂದೆ ನಿಂತೆ. ಸರ್, ನನ್ನ ಮಕ್ಕಳನ್ನು ಶೆಡ್ಡಿನಲ್ಲೇ ಕೂರಿಸುತ್ತೇನೆ, ಆ ಕೋಣೆ ಚೆನ್ನಾಗಿಲ್ಲ ಎಂದೆ. ಅವರು ಸಿಟ್ಟು ಮಾಡಲಿಲ್ಲ. ಕೆಟ್ಟ ಮನುಷ್ಯರೂ ಅಲ್ಲ, ಅವರ ಹಾಳೆಯೂ ಅದೇ ಕಪಾಟಿನಲ್ಲಿತ್ತೋ ಏನೋ... ಎದ್ದು ಕಪಾಟು ತೆರೆದು, ನನ್ನ ಹಾಳೆ ಹುಡುಕಿ ತೆಗೆದು, ಮೇಜಿನ ಮೇಲೆ ಹರಡಿದರು. ಪೆನ್ನಿನ ಟೊಪ್ಪಿ ತೆಗೆದರು.

"ಇವತ್ತು ತಾರೀಖು ಎಷ್ಟು, ಬಾಯಿ?" ಎಂದು ಮರಾಠಿಯಲ್ಲಿ ಕೇಳಿದರು.

ಮಾಮಾ ಅಲ್ಲೇ ಕೊಡಕ್ಕೆ ನೀರು ಸುರಿಯುತ್ತಿದ್ದರು. ನೀರಿನ ಸದ್ದು ಒಮ್ಮೆ ನಿಂತಿತು. ಅಪ್ಪ ಉಮರ್ಗಾದಲ್ಲಿ ರಸ್ತೆಯ ಪಕ್ಕ ಗೋಣಿತಾಟು ಹಾಸಿಕೊಂಡು ಬೆಲ್ಲ, ಮೆಣಸಿನಕಾಯಿ ಮಾರುತ್ತ ಕೂತಿದ್ದು ನನ್ನ ಕಣ್ಣಿಗೆ ಬಂತು. "ಕೂರಿಸುತ್ತೇನೆ ಸರ್" ಎಂದೆ.

ಮಕ್ಕಳಿಗೇನು, ಹೊಸ ಸುಣ್ಣದ ಕೋಣೆ ಎಂದು ಖುಷಿ. ಗೋಡೆ ಮುಟ್ಟಿ ಮುಟ್ಟಿ ಕೈ ಬಿಳಿ ಮಾಡಿಕೊಂಡರು. ನಾನು ಹಲಗೆಯ ಮೇಲೆ ಬರೆದ ಸಾಲು ಇಳಿಜಾರಾಗಿ ಹೋಯಿತು. ಸೀಮೆಸುಣ್ಣದ ಖಡು ಎರಡು ಸಲ ಕೈಯಿಂದ ಬಿತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಬಾಯಿ, ನೀವು ಯಾಕೆ ಬಾಗಿಲಲ್ಲಿ ನಿಂತಿದ್ದೀರಿ?"

ನೋಡಿಕೊಂಡೆ. ಹೌದು, ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮೂವತ್ತಕ್ಕೂ ಹೆಚ್ಚು ಮಕ್ಕಳು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು, ಅವರ ಬಾಯಿ ಓಡಲು ತಯಾರಾಗಿ ನಿಂತಿದ್ದಳು. ಈ ಒಂದು ನೆನಪಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಒಳಗೆ ಬಂದೆ. ಕೈ ಮಾತ್ರ ನಡುಗುತ್ತಲೇ ಇತ್ತು, ಸೆರಗಿನಲ್ಲಿ ಮುಚ್ಚಿಕೊಂಡೆ. ಕಿಟಕಿಯ ಆಚೆ ಮಾಮಾ ಚಹದ ತಟ್ಟೆ ಹಿಡಿದು ಹೋಗುತ್ತಿದ್ದವರು ಒಂದು ಕ್ಷಣ ನಿಂತು ನನ್ನನ್ನು ನೋಡಿದರು. ಸಾಹೇಬರ ಜೀಪು ಬಂದಿತ್ತು.

ಆಮೇಲೆ ಗಂಟೆ. ಬಿಡದೆ, ಒಂದೇ ಸಮ. ಓಡುವ ಗಂಟೆ.

ಮಕ್ಕಳು ತಾಲೀಮಿನಂತೆಯೇ ಪಾಟಿ ಬಿಟ್ಟು ಓಡಿದರು. ನಾನೂ ಓಡಿದೆ. ಈ ಸಲ ಅವರ ಹಿಂದೆ ಓಡಿದೆ ಎನ್ನುವುದಷ್ಟೇ ಸಮಾಧಾನ. ಹೊರಬೀಳುವ ಅವಸರದಲ್ಲಿ ಮಕ್ಕಳು ಯಾರೋ ಬಾಗಿಲು ದಬ್ಬಿದರು. ಬಾಗಿಲು ಗೋಡೆಗೆ ಬಡಿದ ಹೊಡೆತಕ್ಕೆ ಎರಡು ದಿನದ ಹಿಂದೆ ತುಂಬಿದ ಮಣ್ಣು ಸುಣ್ಣದ ಸಮೇತ ದೊಪ್ಪೆಂದು ಕೆಳಗೆ ಬಿತ್ತು. ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದ ಸಾಹೇಬರು ಕಪ್ಪು-ಬಸಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿ ಬಂದಿದ್ದರು. ಸ್ವಲ್ಪ ಹೊತ್ತು ಕಾದರು. ಭೂಮಿ ಸುಮ್ಮನಿತ್ತು. ಆಮೇಲೆ ಆ ಕೋಣೆಗೆ ಹೋಗಿ ಬಿರುಕಿನಲ್ಲಿ ತಮ್ಮ ಕೈ ತೂರಿಸಿ ನೋಡಿದರು. ಮಣಿಕಟ್ಟಿನವರೆಗೆ ಹೋಯಿತು. ಅಧ್ಯಕ್ಷರ ಮುಖದಲ್ಲಿ ನೆತ್ತರಿರಲಿಲ್ಲ.

ಗಂಟೆ ಯಾಕೆ ಹೊಡೆದೆ ಎಂದು ಸಾಹೇಬರು ಕೇಳಿದ್ದಕ್ಕೆ ಮಾಮಾ ತಂಬಿಗೆ ತೋರಿಸಿದರು. ನೀರು ನಡುಗಿತು ಸಾಹೇಬ್ ಎಂದರು. ಸಾಹೇಬರು ಅವರ ಬೆನ್ನು ತಟ್ಟಿ, ಮೂರೂ ಕೋಣೆಗಳಿಗೆ ಬೀಗ ಹಾಕಿಸಿ, ಹಾಗೆಂದೇ ಬರೆದುಕೊಂಡು ಹೋದರು. ಅನುದಾನ ಮುಂದಕ್ಕೆ ಹೋಯಿತು.

ಸಾಹೇಬರೇ ಬೆನ್ನು ತಟ್ಟಿದ ಮನುಷ್ಯನನ್ನು ಸುಮ್ಮನೆ ಓಡಿಸಲು ಬರುವುದಿಲ್ಲ. ಮರುದಿನ ಅಧ್ಯಕ್ಷರು ಶಿಕ್ಷಕರನ್ನೆಲ್ಲ ಕೂರಿಸಿ ಒಂದೊಂದು ಹಾಳೆ ಕೊಟ್ಟರು. ನಿನ್ನೆ ಭೂಮಿ ನಡುಗಿತೇ ಇಲ್ಲವೇ, ಅಷ್ಟೇ ಬರೆಯಿರಿ ಎಂದರು. ಎಲ್ಲರೂ ಇಲ್ಲ ಎಂದರೆ, ಮಾಮಾ ಬೇಕೆಂದೇ ಶಾಲೆಯ ಹೆಸರು ಕೆಡಿಸಿದ ಎಂದಾಗುತ್ತದೆ. ಒಬ್ಬರಾದರೂ ನಡುಗಿತು ಎಂದರೆ ಅಧ್ಯಕ್ಷರ ಕೈ ಕಟ್ಟಿದಂತೆ. ಇದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಳೆ ತರುತ್ತೇನೆ ಅನ್ನು ಎಂದು ಮಾಮಾ ಕಲಿಸಿದ್ದು ನೆನಪಿಗೆ ಬಂದರೂ ಬಾಯಿಗೆ ಬರಲಿಲ್ಲ. ಅಧ್ಯಕ್ಷರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರ ಚಪ್ಪಲಿಯ ಸಪ್ಪಳ ನಿಂತದ್ದು ಕೇಳಿಸಿತು.

ನಡುಗಲಿಲ್ಲ ಎಂದು ಬರೆದೆ.

ನಾನು ಬರೆದದ್ದು ನಿಜವೇ. ಭೂಮಿ ನಡುಗಿರಲಿಲ್ಲ. ಆದರೆ ನಿಜ ಹೇಳಬೇಕೆಂದು ನಾನು ಅದನ್ನು ಬರೆಯಲಿಲ್ಲ, ಅಂಜಿ ಬರೆದೆ. ಆ ಮಧ್ಯಾಹ್ನವೇ ಮಾಮಾನ ಹಾಳೆ ಕಪಾಟಿನಿಂದ ಹೊರಗೆ ಬಂತು. ಹೆಡ್‌ಮಾಸ್ತರರ ಮೇಜಿನ ಮೇಲೆ ನೋಡಿದೆ. ಕೆಳಗೆ ಹಳೆಯ ಮಸುಕಾದ ಉರ್ದು ಸಹಿ, ಮೇಲೆ ಹೊಸ ಶಾಯಿಯಲ್ಲಿ ಅವತ್ತಿನ ತಾರೀಖು.

ಮಾಮಾ ಗಂಟೆ ಹೊಡೆಯುವ ಕಬ್ಬಿಣದ ಸಲಾಕೆಯನ್ನು ಆಫೀಸಿನಲ್ಲಿ ಒಪ್ಪಿಸಿ, ತಂಬಿಗೆಯ ನೀರನ್ನು ಬೇವಿನ ಬುಡಕ್ಕೆ ಸುರಿದು ಹೊರಟರು. ನಾನು ಜೀಪು ನಿಲ್ಲುವ ಜಾಗದವರೆಗೆ ಹಿಂದೆ ಹೋದೆ. ಅಳು ಬರುತ್ತಿತ್ತು.

"ಮಾಮಾ, ಖರೇನ ನೀರ ನಡಗಿತ್ತೇನ್ರಿ?"

"ಇಲ್ಲ ಯವ್ವಾ. ಭೂಮಿ ಎಲ್ಲಿ ನಡಗ್ತು? ನಿನ್ನ ಕೈ ನಡಗ್ಲಾಕತ್ತಿತ್ತು. ಕಿಡಕ್ಯಾಗಿಂದ ನೋಡ್ದೆ. ಪೋರಗೋಳು ಒಳಗ, ನೀ ಹಂಗ ನಿಂತೀದಿ... ಹೊಡದೆ."

"ನಾ ಬರದಕೊಟ್ಟೀನ್ರಿ, ನಡಗಿಲ್ಲಂತ."

"ಖರೇನೇ ಬರದೀದಿ. ಖರೆ ಬರದ್ಮ್ಯಾಲ ಯಾಕ ಅಳ್ತಿ? ನಾ ಕುರಿ ಕಾಯ್ದಂವಾ, ಹ್ಯಾಂಗರ ಬದುಕ್ತೀನಿ. ನೀ ನೌಕರಿ ಬಿಡಬ್ಯಾಡ. ನಿಮ್ಮಪ್ಪ ಬಿಸಿಲಾಗ ಕೂತಾನ."

ಜೀಪು ಬಂತು. ಒಳಗೆ ಜಾಗ ಇರಲಿಲ್ಲ, ಹಿಂದಿನ ಕಂಬಿ ಹಿಡಿದು ನಿಂತು ಹೋದರು. ಧೂಳಿನಲ್ಲಿ ಅವರ ಬಿಳಿ ಟೊಪ್ಪಿ ಸ್ವಲ್ಪ ದೂರದವರೆಗೆ ಕಂಡ ನೆನಪು...

ನೌಕರಿ ಬಿಡಲಿಲ್ಲ. ಅದೇ ಶಾಲೆಯಲ್ಲಿ ಕಾಯಂ ಆದೆ. ಕಟ್ಟಡ ಹೊಸದಾಗಿ ಎದ್ದಿತು, ಆ ಅಧ್ಯಕ್ಷರು ಹೋದರು, ಹೆಡ್‌ಮಾಸ್ತರರು ನಿವೃತ್ತರಾದರು. ಕಾಯಂ ಆದಾಗ ನನ್ನ ಹಾಳೆಯನ್ನು ವಾಪಸ್ಸು ಕೊಟ್ಟರು, ತಂದು ಒಲೆಗೆ ಹಾಕಿದೆ. ಅಂಜಿಕೆ ಮಾತ್ರ ಸುಡಲಿಲ್ಲ. ದೇವಣಿಗೆ ಹೋಗಿ ಮಾಮಾನನ್ನು ಕಾಣಬೇಕೆಂದು ಪ್ರತಿ ದೀಪಾವಳಿಗೆ ಅಂದುಕೊಳ್ಳುತ್ತಿದ್ದೆ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಪ್ರತಿ ದೀಪಾವಳಿಗೂ ಉಳಿದುಬಿಡುತ್ತಿದ್ದೆ. ಹೀಗೆ ಮೂವತ್ತು ವರ್ಷ ಕಳೆದವು.

ಅಣ್ಣನ ಮಗಳು ಊರಿಗೆ ಮರಳಿದ ವಾರಕ್ಕೆ ನಾನು ದೇವಣಿಯ ಬಸ್ಸು ಹತ್ತಿದೆ. ಹೆಸರು ಗೊತ್ತಿಲ್ಲದ ಮನುಷ್ಯನನ್ನು ಹುಡುಕುವುದು ಹೇಗೆ? ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ, ಹಿಂದೆ ನಿಲಂಗಾ ಕಡೆ ಶಾಲೆಯಲ್ಲಿ ಶಿಪಾಯಿ ಆಗಿದ್ದರಲ್ಲ ಎಂದು ಕೇಳಿದೆ. ಅಂಗಡಿಯವನು ನಕ್ಕ.

"ಅಂಜುಬುರುಕ ಮಾಮಾ ಏನ್ರಿ? ನಡುಗ್ಲಾರದ ಭೂಮಿಗಿ ಅಂಜಿ ಗಂಟಿ ಹೊಡ್ದು ನೌಕರಿ ಕಳ್ಕೊಂಡಂವಾ? ಅಂವಾ ಹೋಗಿ ಭಾಳ ವರ್ಷ ಆಯ್ತು. ಮಗಳ ಮನಿ ಅಲ್ಲೇ ಹಿಂದ ಅದ, ಹೋಗ್ರಿ."

ಎದೆಗೆ ಕಲ್ಲು ಬಿದ್ದಂತಾಯಿತು. ಮಾಮಾ ಇಲ್ಲ ಎನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ, ಆ ಹೆಸರು. ಅದು ನನ್ನ ಹೆಸರು. ಇಷ್ಟು ವರ್ಷ ಅವರು ಅದನ್ನು ಈ ಊರಲ್ಲಿ ಹೊತ್ತುಕೊಂಡು ತಿರುಗಿದ್ದರು.

ಮಗಳು ಅಂಗಳದಲ್ಲಿ ಕರುವಿಗೆ ನೀರು ಕುಡಿಸುತ್ತಿದ್ದಳು. ನನ್ನಷ್ಟೇ ವಯಸ್ಸು. ಯಾರೆಂದು ಹೇಳಿಕೊಂಡೆ. ಕಟ್ಟೆಯ ಮೇಲೆ ಚಾಪೆ ಹಾಕಿ ಕೂರಿಸಿದಳು.

"ನೀವು ಅದೇ ಸಾಲ್ಯಾಗಿನ ಬಾಯಾರೇನ್ರಿ? ಹಂಗಾದ್ರ ನಿಮಗ ಗೊತ್ತಿರಬೇಕು. ಅವತ್ತ ಭೂಮಿ ನಡಗಿತ್ತೇನ್ರಿ? ನಮ್ಮಪ್ಪ ಸಾಯೂತನಾ ನಡಗಿತ್ತು ಅಂತನೇ ಅಂದ. ಯಾರೂ ನಂಬ್ಲಿಲ್ಲ. ನಮ್ಮವ್ವ ಸೈತ ನಂಬ್ಲಿಲ್ಲ. ಪುಕ್ಕಲ ಅಂತಿದ್ಲು ಅವಗ."

ಇಲ್ಲೂ ಒಂದು ಕ್ಷಣ ಅಂಜಿದೆ. ಹೌದು, ನಡುಗಿತ್ತು ಎಂದರೆ ಮುಗಿಯುತ್ತಿತ್ತು. ಆಮೇಲೆ ಎಲ್ಲವನ್ನೂ ಹೇಳಿದೆ. ಭೂಮಿ ನಡುಗಿರಲಿಲ್ಲ, ನಡುಗಿದವಳು ನಾನು, ಅವರಿಗೆ ಅಂಜಿಕೆ ಎಂಬುದೇ ಇರಲಿಲ್ಲ, ನನಗಾಗಿ ಮಕ್ಕಳಿಗಾಗಿ ಗೊತ್ತಿದ್ದೇ ಹೊಡೆದರು ಎಂದು. ಹಾಳೆಯಲ್ಲಿ ನಾನು ಬರೆದುಕೊಟ್ಟದ್ದನ್ನೂ ಬಿಡದೆ ಹೇಳಿದೆ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಕರುವಿನ ಕೊರಳು ತಿಕ್ಕಿದಳು.

"ಇಲ್ಲಿಂದ ನಿಮ್ಮ ಸಾಲಿ ಎಷ್ಟ ದೂರ ಅದ್ರಿ?" ಎಂದು ಕೇಳಿದಳು.

"ಬಸ್ಸಿಗಿ ಒಂದೂವರಿ ತಾಸು" ಎಂದೆ.

"ಒಂದೂವರಿ ತಾಸಿನ ದಾರಿಗಿ ಮೂವತ್ತ ವರ್ಷ" ಎಂದು ಆಕೆ ತಲೆಯಾಡಿಸಿದಳು. ಆಮೇಲೆ ಚಹಾ ಮಾಡಲು ಒಳಗೆ ಹೋದಳು.